ಸಹಾಯ ಬೇಕು: ಸರ್ವರ್ ಡೇಟಾ ಬೇರೆ ಜಾವಾಸ್ಕ್ರಿಪ್ಟ್ (ಜೆಎಸ್) ಫೈಲಿಗೆ ಕೊಡುವುದು ಹೇಗೆ?

ನಮಸ್ಕಾರ. ಮಡಿಕೇರಿ ಹತ್ತಿರ ಚಿಕ್ಕಮ್ಮನ ಹೋಂಸ್ಟೇ ಇದೆ. ಅದಕ್ಕೆ ಫ್ಲಾಸ್ಕ್‌ನಲ್ಲಿ (ಪೈಥಾನಿನ ವೆಬ್ ಫ್ರೇಮ್‌ವರ್ಕ್) ಬುಕಿಂಗ್ ಸೈಟ್ ಮಾಡುತ್ತಿದ್ದೇನೆ. ಯಾವ ರೂಮು ಯಾವ ದಿನ ಖಾಲಿ ಎನ್ನುವ ಪಟ್ಟಿ ಪೈಥಾನ್ ಕಡೆಯಿಂದ ಬರುತ್ತದೆ.

ಮೊದಲು ಕ್ಯಾಲೆಂಡರಿನ ಸ್ಕ್ರಿಪ್ಟ್ ಎಚ್‌ಟಿಎಂಎಲ್ ಪುಟದಲ್ಲೇ ಇತ್ತು. ಜೋಡಿ ಕರ್ಲಿ ಬ್ರಾಕೆಟ್ ಒಳಗೆ ವೇರಿಯಬಲ್ ಹೆಸರು ಬರೆದರೆ ಸಾಕಿತ್ತು. ಪುಟ ತುಂಬಾ ಉದ್ದ ಆಯಿತೆಂದು ಸ್ಕ್ರಿಪ್ಟನ್ನು ಸ್ಟ್ಯಾಟಿಕ್ ಫೋಲ್ಡರಿಗೆ ಹಾಕಿದೆ. ಅಲ್ಲಿಂದ ಶುರು ನೋಡಿ, ಸಿಂಟ್ಯಾಕ್ಸ್ ಎರರ್! ಸ್ಟ್ಯಾಟಿಕ್ ಫೈಲನ್ನು ಜಿಂಜಾ (ಬ್ರಾಕೆಟ್ ಜಾಗಕ್ಕೆ ಡೇಟಾ ತುಂಬುವ ಫ್ಲಾಸ್ಕ್‌ನ ಟೆಂಪ್ಲೇಟ್ ಎಂಜಿನ್) ಮುಟ್ಟುವುದೇ ಇಲ್ಲ, ಬ್ರಾಕೆಟ್ ಹಾಗೇ ಬ್ರೌಸರಿಗೆ ಹೋಗುತ್ತದೆ ಎಂದು ಗೊತ್ತಾಗುವಷ್ಟರಲ್ಲಿ ಅರ್ಧ ರಾತ್ರಿ. ನಡುವೆ ಮಳೆಗೆ ಕರೆಂಟ್ ಬೇರೆ ಹೋಯಿತು.

ಆಮೇಲೆ ಒಂದು ಡಿವ್‌ಗೆ ಡೇಟಾ ಆಟ್ರಿಬ್ಯೂಟ್ ಕೊಟ್ಟು, ಪೈಥಾನ್ ಡೇಟಾವನ್ನು ಜೇಸನ್ ಪಠ್ಯ ಮಾಡುವ ಟುಜೇಸನ್ ಫಿಲ್ಟರ್ ಹಾಕಿದೆ. ಡಬಲ್ ಕೋಟ್ ಒಳಗೆ ಇಟ್ಟಿದ್ದರಿಂದ ಜೇಸನ್‌ನ ಮೊದಲ ಕೋಟ್‌ಗೇ ತುಂಡಾಯಿತು. ಸಿಂಗಲ್ ಕೋಟ್ ಹಾಕಿದ ಮೇಲೆ ಸರಿಯಾಯಿತು. ಆದರೆ 6 ರೂಮು, 90 ದಿನದ ಪಟ್ಟಿ ಆಟ್ರಿಬ್ಯೂಟ್‌ನಲ್ಲಿ ತುರುಕುವುದು ಯಾಕೋ ಸರಿ ಅನಿಸುತ್ತಿಲ್ಲ.

ಅಪ್ಲಿಕೇಶನ್ ಸ್ಲ್ಯಾಷ್ ಜೇಸನ್ ಟೈಪಿನ ಸ್ಕ್ರಿಪ್ಟ್ ಟ್ಯಾಗಿನಲ್ಲಿಟ್ಟು, ಜೆಎಸ್ ಫೈಲಿನಲ್ಲಿ ಪಾರ್ಸ್ ಮಾಡುವುದು ಒಳ್ಳೆಯದಾ? ಮುಂದೆ ಸಿಎಸ್‌ಪಿ (ಯಾವ ಸ್ಕ್ರಿಪ್ಟ್ ಓಡಬಹುದು ಎಂದು ಬ್ರೌಸರಿಗೆ ಹೇಳುವ ಭದ್ರತಾ ನಿಯಮ) ಹಾಕುವ ಯೋಚನೆ ಇದೆ, ಹಾಗಾಗಿ ವಿಂಡೋ ವೇರಿಯಬಲ್‌ಗೆ ಇನ್‌ಲೈನ್ ಸ್ಕ್ರಿಪ್ಟ್ ಬೇಡ. ಅಥವಾ ಪುಟ ಬಂದ ಮೇಲೆ ಜೆಎಸ್‌ನಿಂದ ಸರ್ವರಿಗೆ ಫೆಚ್ ಮಾಡಿ ತರಿಸಬೇಕಾ? ಆಗಾಗ ಫೆಚ್ ಮಾಡುತ್ತಿದ್ದರೆ ಪುಟ ತೆರೆದಿಟ್ಟಿದ್ದರೂ ಹೊಸ ಬುಕಿಂಗ್ ಕಾಣುತ್ತದೆ, ನಿಜ. ಆದರೆ ಇಲ್ಲಿಯ ನೆಟ್‌ವರ್ಕ್‌ನಲ್ಲಿ ಇನ್ನೊಂದು ರಿಕ್ವೆಸ್ಟ್ ಅಂದರೆ ಭಯ.

ಮಾಡಿ ನೋಡಿದವರು ದಯವಿಟ್ಟು ಹೇಳಿ. ಕೋಡ್ ಬೇಕಿದ್ದರೆ ಹಾಕುತ್ತೇನೆ.