ಅಣ್ಣನ ಕಾಲು ಮುರಿದಿದೆ, ಕಾರಿನೋರು ರಾಜಿ ಅಂತಿದಾರೆ, ಸೈನ್ ಹಾಕ್ಬೋದಾ?

ತಿಪಟೂರ್_ಹುಡುಗ
ಎಲ್ರಿಗೂ ನಮಸ್ಕಾರ. ಮೂರು ವಾರದ ಹಿಂದೆ ಅಣ್ಣ ಬೈಕಲ್ಲಿ ಬರ್ತಿದ್ದಾಗ ಹೈವೇಲಿ ಹಿಂದಿನಿಂದ ಕಾರು ಗುದ್ದಿ ಬಲಗಾಲು ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದಿದೆ, ರಾಡ್ ಹಾಕಿದಾರೆ, ಆರು ತಿಂಗಳು ಗಾಡಿ ಮುಟ್ಟಬೇಡ ಅಂದಿದಾರೆ ಡಾಕ್ಟ್ರು. ಅವನು ಓಡ್ಸೋದೇ ಲಗೇಜ್ ಆಟೋ, ವಯಸ್ಸು 33. ಆಸ್ಪತ್ರೆ ಓಡಾಟದಲ್ಲಿ ಕಂಪ್ಲೇಂಟ್ ಕೊಡೋಕೇ ಆಗ್ಲಿಲ್ಲ. ಈಗ ಕಾರಿನೋರು 40 ಸಾವಿರ ಕೊಡ್ತೀವಿ, ಛಾಪಾ ಕಾಗದದ ಮೇಲೆ ಸೈನ್ ಮಾಡಿ ಮುಗಿಸ್ಕೊಳ್ಳಿ ಅಂತಿದಾರೆ. ಇನ್ನೊಬ್ಬ ವಾರ್ಡಿಗೇ ಬಂದು ಕೇಸ್ ನಾವ್ ಹಾಕ್ತೀವಿ ಬಂದಿದ್ರಲ್ಲಿ 30 ಪರ್ಸೆಂಟ್ ನಮ್ಗೆ ಅಂದ. ನಮ್ ಬೈಕ್ ಇನ್ಶೂರೆನ್ಸ್ ಬೇರೆ ಲ್ಯಾಪ್ಸ್ ಆಗಿದೆ. ಆಟೋ ಲೋನ್ ಕಂತು ಈ ತಿಂಗಳು ಬೌನ್ಸ್. ಏನ್ ಮಾಡ್ಲಿ?

ಗೌಡ್ರು_ಅರಸೀಕೆರೆ
ತಗೊಂಡು ಮುಗಿಸಿ ಗುರೂ. ಕೋರ್ಟು ಕಚೇರಿ ಅಂತ ಅಲೆದ್ರೆ ಚಪ್ಪಲಿ ಸವೆಯುತ್ತೆ ಅಷ್ಟೇ.

ಕರಿಕೋಟು
ಗೌಡ್ರೇ, ತರಚು ಗಾಯ ಆಗಿದ್ರೆ ನಿಮ್ ಮಾತು ಸರಿ. ರಾಡ್ ಹಾಕಿರೋ ಕಾಲಿಗೆ 40 ಸಾವಿರ ಅಂದ್ರೆ ಮುಂದೆ ರಾಡ್ ತೆಗ್ಸೋ ಆಪರೇಷನ್ನಿಗೂ ಸಾಲಲ್ಲ. ದುಡ್ಡು ಕೊಡ್ಬೇಕಾಗಿರೋದು ಕಾರಿನೋರ ಜೇಬಿಂದ ಅಲ್ಲ, ಕಾರಿನ ಇನ್ಶೂರೆನ್ಸ್ ಕಂಪನಿಯಿಂದ. ನಿಮ್ ಬೈಕ್ ಪಾಲಿಸಿ ಲ್ಯಾಪ್ಸ್ ಆಗಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ, ಅದಕ್ಕೆ ಪೊಲೀಸ್ರು ಫೈನ್ ಹಾಕ್ಬೋದು, ಕ್ಲೇಮ್ ನಿಲ್ಲಲ್ಲ.

ಮೊದ್ಲು ಇವತ್ತೇ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡಿ, ತಡ ಯಾಕಾಯ್ತು ಅಂತ ಅದ್ರಲ್ಲೇ ಬರೀರಿ. ಎಫ್‌ಐಆರ್ ತಡ ಆಯ್ತು ಅನ್ನೋ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದ್ರೆ ಅದಕ್ಕಿಂತ ಮುಖ್ಯ, ಆಸ್ಪತ್ರೆ ಎಂಎಲ್‌ಸಿ ರಿಜಿಸ್ಟರಲ್ಲಿ (ಅಪಘಾತದಂಥ ಪೊಲೀಸ್ ಕೇಸುಗಳನ್ನ ಆಸ್ಪತ್ರೆಯೋರು ಬರ್ಕೊಳ್ಳೋ ಪುಸ್ತಕ) ಏನ್ ಬರ್ದಿದಾರೆ ನೋಡಿ. ಗಾಬರೀಲಿ ಯಾರೋ "ಬೈಕಿಂದ ಬಿದ್ದ" ಅಂತ ಹೇಳಿರ್ತಾರೆ, ಡ್ಯೂಟಿ ಡಾಕ್ಟ್ರು ಹಾಗೇ ಬರ್ಕೊಂಡಿರ್ತಾರೆ, ಕಂಪನಿ ವಕೀಲ ಮೊದ್ಲು ಹಿಡ್ಕೊಳ್ಳೋದೇ ಆ ಒಂದು ಸಾಲು.

ಕೇಸು ಮೋಟಾರು ವಾಹನ ಕಾಯ್ದೆ 166ನೇ ಸೆಕ್ಷನ್ನಿನಲ್ಲಿ. 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವು ಬಂದಿದೆ, ಅದ್ರೊಳಗೇ ಹಾಕಿ. ಅಪಘಾತ ಆದ ಜಾಗದಲ್ಲೇ ಹಾಕ್ಬೇಕು ಅಂತಿಲ್ಲ, ನಿಮ್ಮೂರಿನ ಟ್ರಿಬ್ಯುನಲ್ (ಅಪಘಾತ ಪರಿಹಾರದ ಕೋರ್ಟು) ಆದ್ರೂ ನಡೆಯುತ್ತೆ.

ಎಷ್ಟು ಬರುತ್ತೆ ಅನ್ನೋದು ಡಿಸೆಬಿಲಿಟಿ ಮೇಲಿದೆ. ಡಾಕ್ಟ್ರು ಕಾಲಿಗೆ 30 ಪರ್ಸೆಂಟ್ ಅಂತ ಬರ್ದ್ರೆ ನಮ್ ಕಡೆ ಸಾಮಾನ್ಯವಾಗಿ ಅದ್ರಲ್ಲಿ ಮೂರನೇ ಒಂದು ಭಾಗ ಇಡೀ ದೇಹಕ್ಕೆ ಅಂತ ಹಿಡೀತಾರೆ. ತಿಂಗಳ ದುಡಿಮೆ 15 ಸಾವಿರ ಅಂತ ಇಟ್ಕೊಳ್ಳಿ, 33 ವಯಸ್ಸಿಗೆ ಮಲ್ಟಿಪ್ಲೈಯರ್ (ವರ್ಷದ ದುಡಿಮೇನ ಗುಣಿಸೋ ಸಂಖ್ಯೆ, ವಯಸ್ಸಿನ ಮೇಲೆ ಹೋಗುತ್ತೆ) 16, ಹತ್ತು ಪರ್ಸೆಂಟಿಗೇ 2,88,000 ಆಯ್ತು. ಆಸ್ಪತ್ರೆ ಬಿಲ್ಲು, ನೋವಿಗೆ, ಕೂತು ಕಳ್ದ ತಿಂಗಳುಗಳ ಸಂಪಾದನೆ ಎಲ್ಲಾ ಬೇರೆ. ಡ್ರೈವರ್ ಆದವನಿಗೆ ಬಲಗಾಲು ಅಂದ್ರೆ ಬ್ರೇಕು, ಅವನ ಕಸುಬಿಗೆ ಎಷ್ಟು ಪೆಟ್ಟಾಯ್ತು ಅಂತ ನೋಡ್ಬೇಕು ಅನ್ನೋದು ರಾಜ್‌ಕುಮಾರ್ ವರ್ಸಸ್ ಅಜಯ್ ಕುಮಾರ್ ತೀರ್ಪು, ನಿಮ್ ವಕೀಲರು ಇದನ್ನ ಎತ್ತಲೇಬೇಕು. ಲೈಸೆನ್ಸು, ಬಾಡಿಗೆ ಚೀಟಿ, ಫೋನ್‌ಪೇಲಿ ಬಂದಿರೋ ಬಾಡಿಗೆ ಎಲ್ಲಾ ಎತ್ತಿಡಿ.

ಆ 30 ಪರ್ಸೆಂಟ್ ಗಿರಾಕಿಗೆ ಕೈ ಮುಗ್ದು ಕಳ್ಸಿ. ಬಂದ ಪರಿಹಾರದಲ್ಲಿ ಪಾಲು ಕೇಳೋದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸೈನ್ ಬೇಡ. ಫೀಸಿಗೆ ಕಷ್ಟ ಅಂದ್ರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಕೇಳಿ, ಸಹಾಯವಾಣಿ 15100.

ಗೌಡ್ರು_ಅರಸೀಕೆರೆ
ಲೆಕ್ಕ ಚೆನ್ನಾಗೈತೆ ಸ್ವಾಮಿ, ಕೈಗೆ ಯಾವಾಗ ಬರೋದು?

ಕರಿಕೋಟು
ಬೇಗ ಬರಲ್ಲ, ಸುಳ್ಳು ಹೇಳಲ್ಲ, ವರ್ಷಗಳೇ ಹಿಡಿಯುತ್ತೆ. ಕೇಸ್ ಹಾಕಿದ್ಮೇಲೆ ಲೋಕ ಅದಾಲತ್‌ನಲ್ಲಿ ಕಂಪನಿ ಜೊತೆ ರಾಜಿ ಆದ್ರೆ ಸ್ವಲ್ಪ ಕಮ್ಮಿ ಸಿಕ್ರೂ ಬೇಗ ಮುಗಿಯುತ್ತೆ. ರಾಜಿ ಮಾಡೋದಿದ್ರೆ ಅಲ್ಲಿ ಮಾಡಿ, ಛಾಪಾ ಕಾಗದದ ಮೇಲಲ್ಲ.

ಮಂಜುಳಾ_ರಿಟೈರ್ಡ್_ಬ್ಯಾಂಕ್
ಕಂತಿನ ವಿಷ್ಯ ನಾನ್ ಹೇಳ್ತೀನಪ್ಪ. ಪರಿಹಾರ ಬಂದ್ಮೇಲೆ ಕಟ್ತೀವಿ ಅಂತ ಸುಮ್ನೆ ಕೂರಬೇಡಿ, ಮೂರು ತಿಂಗಳು ಬಾಕಿ ದಾಟಿದ್ರೆ ಖಾತೆ ಎನ್‌ಪಿಎ ಆಗುತ್ತೆ, ಅಂದ್ರೆ ವಸೂಲಾಗದ ಸಾಲ ಅಂತ ಗುರ್ತು ಹಾಕ್ತಾರೆ, ಆಮೇಲೆ ಮಾತಿಗೆ ಬೆಲೆ ಇರಲ್ಲ. ಡಿಸ್ಚಾರ್ಜ್ ಸಮ್ಮರಿ ಜೆರಾಕ್ಸ್ ಲಗತ್ತಿಸಿ ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡಿ ಅಂತ ಈಗ್ಲೇ ಅರ್ಜಿ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ. ಲೋನ್ ಜೊತೆಗೇ ಏನಾದ್ರೂ ಇನ್ಶೂರೆನ್ಸ್ ಕಟ್ಟಿಸ್ಕೊಂಡಿದಾರಾ ಅಂತ ಕಾಗದ ನೋಡಿ, ಎಷ್ಟೋ ಜನಕ್ಕೆ ಅದು ಇರೋದೇ ಗೊತ್ತಿರಲ್ಲ. ವಸೂಲಿಯೋರು ಬೆಳಗ್ಗೆ 8ಕ್ಕೆ ಮುಂಚೆ ಸಂಜೆ 7ರ ಮೇಲೆ ಫೋನ್ ಮಾಡೋ ಹಾಗಿಲ್ಲ, ಬೆದರಿಸಿದ್ರೆ ಬ್ಯಾಂಕಿಗೆ ಬರ್ದು ದೂರು ಕೊಡಿ, 30 ದಿನದಲ್ಲಿ ಸರಿಯಾದ ಉತ್ತರ ಬರ್ಲಿಲ್ಲ ಅಂದ್ರೆ ಬ್ಯಾಂಕಿನ ಮೇಲಿನ ದೂರು ಕೇಳೋ ಆರ್‌ಬಿಐ ಓಂಬುಡ್ಸ್‌ಮನ್. "ಸೆಟಲ್‌ಮೆಂಟ್ ಮಾಡ್ಕೊಳ್ಳಿ, ಅರ್ಧ ಬಿಡ್ತೀವಿ" ಅಂದ್ರೆ ಹಿಗ್ಗಬೇಡಿ, ನಿಮ್ ಸಾಲದ ಇತಿಹಾಸ ಇಡೋ ಸಿಬಿಲ್‌ನಲ್ಲಿ ಸೆಟಲ್ಡ್ ಅಂತ ಬೀಳುತ್ತೆ, ಇನ್ನೊಂದು ಗಾಡಿಗೆ ಸಾಲ ಹುಟ್ಟೋದು ಕಷ್ಟ. ಸದ್ಯಕ್ಕೆ ಲೈಸೆನ್ಸ್ ಇರೋ ನಂಬಿಕಸ್ತ ಡ್ರೈವರ್ ಸಿಕ್ರೆ ಆಟೋ ದಿನಬಾಡಿಗೆಗೆ ಬಿಡಿ, ಕಂತಿನ ಮಟ್ಟಿಗಾದ್ರೂ ಆಗುತ್ತೆ.

ತಿಪಟೂರ್_ಹುಡುಗ
ತುಂಬಾ ಥ್ಯಾಂಕ್ಸ್ ಮೇಡಂ, ಸರ್. ಎಂಎಲ್‌ಸಿ ವಿಚಾರಿಸ್ದೆ, "ಕಾರು ಡಿಕ್ಕಿ" ಅಂತಾನೇ ಬರ್ದಿದಾರಂತೆ, ಆದ್ರೆ ಕಾರ್ ನಂಬರ್ ಇಲ್ಲ. ನಮ್ಮತ್ರ ಫೋಟೋ ಇದೆ, ಸಾಕಾ?

ಕರಿಕೋಟು
ಸಾಕು. ಕಂಪ್ಲೇಂಟಲ್ಲಿ ನಂಬರ್ ಬರೀರಿ, ಫೋಟೋ ಕೊಡಿ, ಆ ಫೋನಿಂದ ಮಾತ್ರ ಡಿಲೀಟ್ ಮಾಡ್ಬೇಡಿ. ಅದೇ ನಂಬರ್ ಎಂ-ಪರಿವಾಹನ್ ಆ್ಯಪಲ್ಲಿ ಹಾಕಿ ಕಾರಿನ ಇನ್ಶೂರೆನ್ಸ್ ಅಪಘಾತದ ದಿನ ಚಾಲ್ತೀಲಿತ್ತಾ ನೋಡಿ, ಸ್ಕ್ರೀನ್‌ಶಾಟ್ ತೆಗ್ದಿಡಿ.