ಕ್ಯಾನೊನೆಟ್ ಕ್ಯಾಮೆರಾಗೆ ಯಾವ ಬ್ಯಾಟರಿ ಹಾಕಬೇಕು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಕ್ಯಾನನ್ ಕ್ಯಾನೊನೆಟ್ ಕ್ಯೂಎಲ್17 ಜಿ-3 ಅನ್ನುವ ಹಳೆಯ ಫಿಲ್ಮ್ ಕ್ಯಾಮೆರಾ ಇದೆ. 1972ರಲ್ಲಿ ಬಂದ ಮಾಡೆಲ್, 40 ಎಂಎಂ ಎಫ್/1.7 ಲೆನ್ಸ್. ಶಟರ್ ಚೆನ್ನಾಗಿ ಓಡುತ್ತದೆ, ಫೋಕಸ್ ಮಾಡಲು ನೋಡುವ ರೇಂಜ್‌ಫೈಂಡರಿನ ಹಳದಿ ಪ್ಯಾಚ್ ಸ್ಪಷ್ಟವಾಗಿದೆ. ಇಂಥ ಲೆನ್ಸನ್ನು ಸುಮ್ನೆ ಶೋಕೇಸಿನಲ್ಲಿ ಇಡೋಕೆ ನನಗೆ ಮನಸ್ಸಿಲ್ಲ.

ತೊಂದರೆ ಇರುವುದು ಬೆಳಕು ಅಳೆಯುವ ಮೀಟರಿನಲ್ಲಿ. ಇದಕ್ಕೆ ಬೇಕಾದದ್ದು 1.35 ವೋಲ್ಟಿನ ಪಾದರಸದ ಬ್ಯಾಟರಿ ಪಿಎಕ್ಸ್625, ಅದು ಈಗ ತಯಾರಾಗುವುದಿಲ್ಲ. ಅದೇ ಅಳತೆಯ 1.5 ವೋಲ್ಟಿನ ಆಲ್ಕಲೈನ್ ಹಾಕಿ ಫೋನಿನ ಲೈಟ್ ಮೀಟರ್ ಆ್ಯಪ್ ಜೊತೆ ಹೋಲಿಸಿದೆ, ಕ್ಯಾಮೆರಾದ ಮುಳ್ಳು ಸುಮಾರು ಒಂದು ಸ್ಟಾಪ್ (ಎರಡು ಪಟ್ಟು) ಜಾಸ್ತಿ ಬೆಳಕು ತೋರಿಸುತ್ತದೆ, ಅಂದರೆ ಫೋಟೊ ಕಪ್ಪಾಗಿ ಬರುತ್ತದೆ. 400ರ ಫಿಲ್ಮಿಗೆ ಕ್ಯಾಮೆರಾದ ಫಿಲ್ಮ್ ವೇಗದ ಸೆಟ್ಟಿಂಗ್ (ಎಎಸ್‌ಎ) 200 ಇಟ್ಟರೆ ಸದ್ಯಕ್ಕೆ ಸರಿಹೋಗುತ್ತದೆ, ಆದರೆ ಆಲ್ಕಲೈನ್ ವೋಲ್ಟೇಜ್ ಬಳಸುತ್ತಾ ಬಳಸುತ್ತಾ ಇಳಿಯುತ್ತದೆ ಅಲ್ವಾ, ಆಗ ಲೆಕ್ಕ ಮತ್ತೆ ತಪ್ಪುತ್ತದೆ. ಮ್ಯಾನ್ಯುಯಲ್‌ನಲ್ಲಿ ಬ್ಯಾಟರಿಯೇ ಬೇಡ, ಅದು ಗೊತ್ತು. ನನಗೆ ಬೇಕಿರುವುದು ಆಟೋ, ಬೀದಿಯಲ್ಲಿ ಬೇಗ ಬೇಗ ತೆಗೆಯೋಕೆ.

ಈಗ ಉಳಿದಿರುವುದು ಎರಡು ದಾರಿ. ಕಿವಿ ಮಷಿನ್‌ಗೆ ಹಾಕುವ 675 ಜಿಂಕ್-ಏರ್ ಬ್ಯಾಟರಿ, ಸುತ್ತ ಒಂದು ರಿಂಗ್. 1.4 ವೋಲ್ಟ್, ಸ್ಥಿರವಾಗಿರುತ್ತದೆ, ಆದರೆ ಸ್ಟಿಕ್ಕರ್ ಕಿತ್ತ ಮೇಲೆ ಬಳಸದಿದ್ದರೂ ಒಣಗಿ ಹೋಗುತ್ತದೆ. ಇನ್ನೊಂದು, 1.55 ವೋಲ್ಟಿನ ಸಿಲ್ವರ್ ಆಕ್ಸೈಡ್ ಜೊತೆ ವೋಲ್ಟೇಜ್ ಇಳಿಸುವ ಡಯೋಡ್ ಅಡಾಪ್ಟರ್. ಕರೆಂಟ್ ಕಡಿಮೆಯಾದರೆ ಡಯೋಡ್ ಇಳಿಸುವ ವೋಲ್ಟೇಜೂ ಕಡಿಮೆಯಾಗುತ್ತದೆ, ಹಾಗಾಗಿ ಮಬ್ಬು ಬೆಳಕಿನಲ್ಲಿ ಏನಾಗುತ್ತದೋ ಅನ್ನುವುದೇ ನನ್ನ ಗೊಂದಲ. ಹಾಕಬೇಕಿರುವುದು ಸ್ಲೈಡ್ ಫಿಲ್ಮ್ (ನೆಗೆಟಿವ್ ಅಲ್ಲದೆ ನೇರ ಚಿತ್ರವೇ ಬರುವ ಫಿಲ್ಮ್), ಅರ್ಧ ಸ್ಟಾಪ್ ತಪ್ಪಿದರೂ ಕಾಣುತ್ತದೆ.

ಈ ಕ್ಯಾಮೆರಾದಲ್ಲಿ ಡಯೋಡ್ ಅಡಾಪ್ಟರ್ ಬಳಸಿದವರು ದಯವಿಟ್ಟು ಹೇಳಿ: ಸಂಜೆ ಬೆಳಕಿನಲ್ಲೂ ಮೀಟರ್ ಸರಿಯಾಗಿ ತೋರಿಸುತ್ತದಾ, ಇಲ್ಲಾ ಸ್ಲೈಡಿಗೆ ಜಿಂಕ್-ಏರ್ ಹಾಕುವುದೇ ವಾಸಿನಾ?