ಮೇಳದ ಕರಪತ್ರಕ್ಕೆ ಸುಣ್ಣ ಬೇಕೋ ಬೇಡವೋ

ಗಣೇಶ: ಮುಂದಿನ ಭಾನುವಾರ ಮಡಿಕೇರಿಯ ಸಾವಯವ ಮೇಳದಲ್ಲಿ ನಮ್ಮ ಹಳೆ ವಿದ್ಯಾರ್ಥಿಗಳ ಮಳಿಗೆ ಇದೆಯಲ್ಲ, ಅದರ ಕರಪತ್ರ ಹಾಕ್ತಿದ್ದೇನೆ. 500 ಪ್ರತಿ. ತಪ್ಪಿದ್ರೆ ಈಗಲೇ ಹೇಳಿ, ಸಂಜೆ ಪ್ರೆಸ್ಸಿಗೆ ಹೋಗ್ತದೆ.

ಗಣೇಶ: «ವಿಷವಿಲ್ಲದ ಕೈತೋಟ. ಜೀವಾಮೃತ: 200 ಲೀಟರ್ ನೀರು, 10 ಕೆಜಿ ನಾಟಿ ಹಸುವಿನ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಕಡಲೆಹಿಟ್ಟು, ಒಂದು ಹಿಡಿ ಮಣ್ಣು. 48 ಗಂಟೆ ಬಿಟ್ಟು ಗಿಡಕ್ಕೆ ಹಾಕಿ, ಬೇರೆ ಗೊಬ್ಬರ ಬೇಡ. ಅಡುಗೆಮನೆ ಕಸ ಡ್ರಮ್ಮಿಗೆ ಹಾಕಿ ಮುಚ್ಚಿಡಿ, 30 ದಿನದಲ್ಲಿ ಗೊಬ್ಬರ. ಹಣ್ಣಿನ ಸಿಪ್ಪೆ, ಬೆಲ್ಲ, ನೀರು ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ, ಬಯೋ ಎಂಜೈಮ್ ತಯಾರು. ಸುಣ್ಣ, ಮೈಲುತುತ್ತ ಸೇರಿ ಯಾವ ರಾಸಾಯನಿಕವೂ ಬೇಡ. ಮಳಿಗೆಗೆ ಬಂದವರಿಗೆ ಕೊತ್ತಂಬರಿ, ಪಾಲಕ್ ಬೀಜ ಉಚಿತ. ಊಟ ಮಣ್ಣಲ್ಲಿ ಕರಗುವ ತಟ್ಟೆಯಲ್ಲಿ.»

ಪೂವಮ್ಮ: ಮೇ ಕೊನೆಯಲ್ಲಿ ಮಡಿಕೇರಿಯಲ್ಲಿ ಕೊತ್ತಂಬರಿ ಬೀಜ ಹಂಚೋದಾ ಗಣೇಶ? ಮೊಳಕೆ ಬರ್ಲಿಕ್ಕೇ ಹತ್ತು ದಿನ ಬೇಕು. ಅಷ್ಟರಲ್ಲಿ ಜೂನ್ ಮಳೆ ಹಿಡೀತದೆ, ಸಸಿ ಬುಡದಲ್ಲೇ ಕೊಳೆತು ಮಲಗ್ತದೆ. ಪಾಲಕ್‌ದೂ ಅದೇ ಕತೆ. ಇದು ಬಯಲುಸೀಮೆಯ ಕರಪತ್ರ, ಫಾರ್ವರ್ಡ್‌ನಿಂದ ಎತ್ತಿದ್ದು ಅಲ್ವಾ?

ಗಣೇಶ: ಎತ್ತಿದ್ದೇ. ಸರಿಯಾಗೇ ಇತ್ತಲ್ಲ ಅಂತ.

ಪೂವಮ್ಮ: ಕುಶಾಲನಗರ, ಶಿರಂಗಾಲದ ಕಡೆಯವರಿಗೆ ಆಗಬಹುದು. ಅಲ್ಲಿ ಮಳೆ ಮಡಿಕೇರಿಯ ಮೂರನೇ ಒಂದು ಭಾಗ ಅಷ್ಟೆ. ಇಲ್ಲಿಯವರಿಗೆ ಈಗ ಕೊಡೋದಾದ್ರೆ ಕೆಸದ ಗಡ್ಡೆ, ಅರಿಶಿನದ ತುಂಡು, ಮೊಳಕೆ ಬಂದ ಸೀಮೆಬದನೆ, ಗಾಂಧಾರಿ ಮೆಣಸಿನ ಸಸಿ. ಸೊಪ್ಪಿನ ಬೀಜ ಕಟ್ಟಿಡಿ, ಮಳೆ ಇಳಿದ ಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹಂಚಿ. ಈಗಲೇ ಸೊಪ್ಪು ಬೇಕೇ ಬೇಕು ಅನ್ನುವವರು ಪಾತಿಯನ್ನು ಒಂದಡಿ ಎತ್ತರಿಸಿ ಮೇಲೆ 200 ಮೈಕ್ರಾನಿನ ಯುವಿ ಶೀಟ್, ಅಂದ್ರೆ ಬಿಸಿಲಿಗೆ ಬೇಗ ಪುಡಿಯಾಗದ ಪ್ಲಾಸ್ಟಿಕ್, ಕಟ್ಟಬೇಕು. ಎರಡು ಬದಿ ಗಾಳಿಗೆ ತೆರೆದಿರಲಿ. ನಾಲ್ಕೂ ಕಡೆ ಮುಚ್ಚಿದ್ರೆ ಒಳಗೆ ಹಬೆ ನಿಂತು ಬೂಷ್ಟು.

ಲತಾ: ಪರಿಸರ ಮೇಳದಲ್ಲಿ ನಿಂತು ಪ್ಲಾಸ್ಟಿಕ್ ಶೀಟ್ ಕಟ್ಟಿ ಅಂತ ಹೇಳೋದು! ಚೆನ್ನಾಗಿದೆ.

ಪೂವಮ್ಮ: ಯುವಿ ಶೀಟ್ ಮೂರು ವರ್ಷ ಬಾಳ್ತದೆ ಲತಾ. ತೆಳು ನೀಲಿ ಟರ್ಪಾಲು ಒಂದೇ ಬೇಸಿಗೆಗೆ ಪುಡಿಯಾಗಿ ಮಣ್ಣಿಗೆ ಸೇರ್ತದೆ, ನೀನು ಬೈಯಬೇಕಾದ್ದು ಅದನ್ನ.

ತಿಮ್ಮಯ್ಯ: ಬೀಜ ಬಿಡಿ. ಸುಣ್ಣ ಬೇಡ ಅಂತ ಬರೆದವನು ಯಾರು ಮಾರಾಯ? ಕೊಡಗಿನ ಮಣ್ಣು ಹುಳಿ, ಪಿಎಚ್ 5ರ ಆಸುಪಾಸು, ತೋಟಗಳಲ್ಲಿ ಇನ್ನೂ ಕೆಳಗೆ. 100 ಇಂಚು ಮಳೆ ಬೀಳುವ ಕಡೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ತೊಳೆದು ಹೊಳೆಗೆ ಹೋಗಿರ್ತದೆ. 5.5ಕ್ಕಿಂತ ಕೆಳಗಿಳಿದ್ರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಸುಡ್ತದೆ, ರಂಜಕ ಗಿಡಕ್ಕೆ ಸಿಗದ ಹಾಗೆ ಕಟ್ಟಿಕೊಳ್ತದೆ. ಅಂಥ ಮಣ್ಣಿಗೆ ಎಷ್ಟು ಗೊಬ್ಬರ ಸುರಿದ್ರೂ ಬೀನ್ಸ್ ಹಳದಿಯಾಗೇ ಇರ್ತದೆ, ಸುಣ್ಣ ಹಾಕಿ ಹುಳಿ ಇಳಿಸಬೇಕು.

ಗಣೇಶ: ಅಣ್ಣಾ, ಸುಣ್ಣ ರಾಸಾಯನಿಕ ಅಲ್ವಾ? ಸಾವಯವ ಅಂತ ಬೋರ್ಡ್ ಹಾಕಿ…

ತಿಮ್ಮಯ್ಯ: ಕೃಷಿ ಸುಣ್ಣ ಅಂದ್ರೆ ಸುಣ್ಣದ ಕಲ್ಲಿನ ಪುಡಿ, ಬೇರೇನಲ್ಲ. ದೇಶದ ಸಾವಯವ ಪ್ರಮಾಣೀಕರಣ ಇದೆಯಲ್ಲ, ಎನ್‌ಪಿಒಪಿ, ಅದರಲ್ಲೇ ಇದಕ್ಕೆ ಅನುಮತಿ ಇದೆ. ಡೋಲೊಮೈಟೂ ಸೈ, ಅದರಲ್ಲಿ ಮೆಗ್ನೀಸಿಯಮ್ಮೂ ಬರ್ತದೆ. ಎಕರೆಗೆ 800 ಕೆಜಿ ಲೆಕ್ಕದಲ್ಲಿ ಚದರ ಮೀಟರಿಗೆ 200 ಗ್ರಾಂ. 10 ಅಡಿಗೆ 10 ಅಡಿ ಪಾತಿಗೆ 2 ಕೆಜಿಗೆ ಸ್ವಲ್ಪ ಕಡಿಮೆ. ಮಣ್ಣಲ್ಲಿ ಪಸೆ ಇರುವಾಗ ಎರಚಿ ಮೇಲಿನ ನಾಲ್ಕಿಂಚಿಗೆ ಕೊಚ್ಚಿ ಸೇರಿಸಿ, ಮೂರು ವಾರ ಬಿಟ್ಟು ಗೊಬ್ಬರ. ಎರಡನ್ನೂ ಒಂದೇ ದಿನ ಹಾಕಿದ್ರೆ ಸಗಣಿಯ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗ್ತದೆ, ಮೂಗಿಗೇ ಗೊತ್ತಾಗ್ತದೆ.

ಯಶೋದಾ: ಸುಟ್ಟ ಸುಣ್ಣವನ್ನೂ ಕೃಷಿ ಸುಣ್ಣವನ್ನೂ ಬೇರೆ ಬೇರೆ ಬರೆಯಿರಿ. ಸುಣ್ಣ ಅಂತ ಮಾತ್ರ ಇದ್ರೆ ಜನ ಗೋಡೆಗೆ ಬಳಿಯುವ ಹರಳು ಸುಣ್ಣ ತಂದು ಗಿಡದ ಬುಡಕ್ಕೆ ಹಾಕ್ತಾರೆ, ಬೇರು ಬೆಂದು ಹೋಗ್ತದೆ.

ತಿಮ್ಮಯ್ಯ: ಹೌದಕ್ಕ. ಇನ್ನೊಂದು, ಪರೀಕ್ಷೆ ಮಾಡಿಸದೆ ವರ್ಷ ವರ್ಷ ಹಾಕುವುದೂ ತಪ್ಪು. ಪಿಎಚ್ 6.5 ದಾಟಿದ್ರೆ ಗಿಡಕ್ಕೆ ಸತು, ಬೋರಾನ್ ಸರಿಯಾಗಿ ಸಿಗುವುದಿಲ್ಲ. ಮಣ್ಣು ತೆಗೆಯುವಾಗ ಮೇಲಿನ ಕಸ ಸರಿಸಿ, ಇಂಗ್ಲಿಷಿನ ವಿ ಆಕಾರದ ಗುಂಡಿ ತೋಡಿ, 6 ಇಂಚು ಆಳದವರೆಗೆ ಬದಿಯಿಂದ ಒಂದು ಪದರ ಕೆರೆದು ತೆಗೀಬೇಕು. ಐದಾರು ಕಡೆಯದ್ದು ಬೆರೆಸಿ ನೆರಳಲ್ಲಿ ಒಣಗಿಸಿ ಅರ್ಧ ಕೆಜಿ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದ್ರೆ ದಾರಿ ಹೇಳ್ತಾರೆ. ಒಲೆ ಬೂದಿ ಹಾಕಿದ ಜಾಗದ ಮಣ್ಣು ಮಾತ್ರ ತಗೊಳ್ಳಬೇಡಿ, ಪಿಎಚ್ ಸುಳ್ಳು ಹೇಳ್ತದೆ.

ಗಣೇಶ: ಸರಿ, ಸುಣ್ಣದ ಸಾಲು ತಿದ್ದಿದೆ. ಜೀವಾಮೃತಕ್ಕೆ ಯಾರದ್ದೂ ತಕರಾರಿಲ್ಲ ತಾನೆ?

ತಿಮ್ಮಯ್ಯ: ಇದೆ. «ಬೇರೆ ಗೊಬ್ಬರ ಬೇಡ» ಅನ್ನುವುದಕ್ಕೆ. ಲೆಕ್ಕ ಹಾಕು. ಆ 200 ಲೀಟರ್ ಒಂದು ಎಕರೆಗೆ. 10 ಕೆಜಿ ಸಗಣಿಯಲ್ಲಿ 30, 40 ಗ್ರಾಂ ಸಾರಜನಕ. ಕಡಲೆಹಿಟ್ಟಲ್ಲಿ 70 ಗ್ರಾಂ ಹಿಡಿ. ಗಂಜಲದಲ್ಲಿ ಹೆಚ್ಚೆಂದ್ರೆ 100. ಎಲ್ಲ ಸೇರಿಸಿದ್ರೂ ಎಕರೆಗೆ ಕಾಲು ಕೆಜಿ ಮುಟ್ಟುವುದಿಲ್ಲ. ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ 5 ಕೆಜಿ ಇರ್ತದೆ.

ಯಶೋದಾ: ತಿಮ್ಮಯ್ಯ, ಜೀವಾಮೃತವನ್ನು ಗೊಬ್ಬರದ ತಕ್ಕಡಿಯಲ್ಲಿ ತೂಗಿದ್ರೆ ಅದು ಸೋಲುವುದೇ. ಅದು ಮಣ್ಣಿನ ಜೀವಾಣುಗಳಿಗೆ ಹೆಪ್ಪು. ಹಾಲಿಲ್ಲದೆ ಹೆಪ್ಪು ಹಾಕಿ ಏನು ಪ್ರಯೋಜನ? ಪಾತಿಯ ಮೇಲೆ ಮೂರ್ನಾಲ್ಕು ಇಂಚು ತರಗು, ಕಳಿತ ಗೊಬ್ಬರ ಇರಬೇಕು, ಆಗ ಅದು ಕೆಲಸ ಮಾಡ್ತದೆ. «ಬೇರೆ ಗೊಬ್ಬರ ಬೇಡ» ತೆಗೆಯಿರಿ, ಉಳಿದದ್ದು ಇರಲಿ.

ತಿಮ್ಮಯ್ಯ: ಹಾಗಂದ್ರೆ ಒಪ್ಪಿದೆ ಅಕ್ಕ. ಆದ್ರೆ ಮೇಳಕ್ಕೆ ಬರುವವರಲ್ಲಿ ಅರ್ಧ ಜನ ಐದು ಸೆಂಟ್ಸ್ ಜಾಗದವರು. ಅವರಿಗೆ 200 ಲೀಟರಿನ ಡ್ರಮ್ ಯಾಕೆ?

ಯಶೋದಾ: ಬಕೆಟ್ ಲೆಕ್ಕ ಬರಕೋ ಗಣೇಶ. 10 ಲೀಟರ್ ನೀರು, ಅರ್ಧ ಕೆಜಿ ಹೊಸ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ದ್ವಿದಳ ಧಾನ್ಯದ ಹಿಟ್ಟು, ಮರದ ಬುಡದ ಒಂದು ಹಿಡಿ ಮಣ್ಣು. ಔಷಧಿ ಹೊಡೆದ ಜಾಗದ ಮಣ್ಣು ಬೇಡ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ರೆ ಒಂದು ರಾತ್ರಿ ತೆರೆದಿಟ್ಟು ಬಳಸಿ. ಗೋಣಿ ಮುಚ್ಚಿ ನೆರಳಲ್ಲಿಟ್ಟು ಬೆಳಿಗ್ಗೆ ಸಂಜೆ ಕೋಲಿನಿಂದ ತಿರುಗಿಸಬೇಕು. 48 ಗಂಟೆ ಅನ್ನುವುದು ಸೆಕೆಯ ಊರಿನ ಲೆಕ್ಕ, ನಮ್ಮ ಚಳಿಗೆ ಮೂರ್ನಾಲ್ಕು ದಿನ ಹಿಡೀತದೆ. ಹುಳಿ ವಾಸನೆ ಬಂದ್ರೆ ಸರಿ, ಕೊಳೆತ ವಾಸನೆ ಬಂದ್ರೆ ತಿರುಗಿಸಿದ್ದು ಸಾಲಲಿಲ್ಲ ಅಂತ. ಅದನ್ನು ಗೊಬ್ಬರದ ಗುಂಡಿಗೆ ಸುರಿಯುವುದು. ವಾರದೊಳಗೆ ಮುಗಿಸಬೇಕು.

ಯಶೋದಾ: ಜೂನ್, ಜುಲೈಯಲ್ಲಿ ಹಾಕಲೇಬೇಡಿ, ಬೆಲ್ಲದ ದುಡ್ಡು ಚರಂಡಿಗೆ. ಹಸಿಯಾಗಿ ತಿನ್ನುವ ಸೊಪ್ಪಿನ ಎಲೆ ಮೇಲೆ ಯಾವ ಕಾಲದಲ್ಲೂ ಎರಚಬಾರದು. ಹಸಿ ಸಗಣಿಯಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರ್ತದೆ. ಮಣ್ಣಿಗೆ ಮಾತ್ರ.

ಲತಾ: ಡ್ರಮ್ಮಿನ ಕಾಂಪೋಸ್ಟ್ 30 ದಿನದಲ್ಲಿ ಆಗುವುದಿಲ್ಲ. ರಾಶಿ ಸುಮಾರು ಒಂದು ಮೀಟರ್ ಉದ್ದ, ಅಗಲ, ಎತ್ತರ ಇದ್ರೆ ಮಾತ್ರ ಒಳಗೆ 55, 60 ಡಿಗ್ರಿ ಬಿಸಿ ನಿಲ್ಲೋದು. ಮನೆ ಡ್ರಮ್ಮಲ್ಲಿ ಮಳೆಗಾಲಕ್ಕೆ ಮೂರ್ನಾಲ್ಕು ತಿಂಗಳು ಅಂತ ನೇರವಾಗಿ ಬರೆಯೋಣ. ತಳದಲ್ಲಿ, ಬದಿಯಲ್ಲಿ ತೂತು ಬೇಕು, ಇಟ್ಟಿಗೆ ಮೇಲೆ ಕೂರಿಸಬೇಕು. ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ಒಣ ತರಗು. ಹಿಡಿಯಲ್ಲಿ ಹಿಂಡಿದ್ರೆ ಒಂದೆರಡು ಹನಿ ಬರಬೇಕು. ಧಾರೆ ಇಳಿದ್ರೆ ಗಾಳಿ ಇಲ್ಲ, ಕೊಳೆತ ಮೊಟ್ಟೆ ವಾಸನೆ ಗ್ಯಾರಂಟಿ.

ಅಶ್ರಫ್: ತರಗು ಮಳೆಗಾಲದಲ್ಲಿ ಎಲ್ಲಿ ಸಿಗ್ತದೆ? ಕಾಫಿ ಹೊಟ್ಟು ಹಾಕಿ ಅನ್ನು. ಒಣ ಕಾಫಿ ಸುಲಿಯುವ ಹಲ್ಲಿಂಗ್ ಮಿಲ್ಲಲ್ಲಿ ಚೀಲಗಟ್ಟಲೆ ಇರ್ತದೆ.

ಲತಾ: ಹಾಕಬಹುದು, ಪೊಟ್ಯಾಶ್ ಚೆನ್ನಾಗಿದೆ. ಆದ್ರೆ ಬರೀ ಹೊಟ್ಟು ತುಂಬಿದ್ರೆ ವರ್ಷವಾದ್ರೂ ಹಾಗೇ ಕೂತಿರ್ತದೆ, ಬೇಗ ಕೊಳೆಯದ ಲಿಗ್ನಿನ್ ಹೆಚ್ಚು. ಹಸಿ ಕಸ, ಸಗಣಿ ನೀರು ಸೇರಬೇಕು. ಕಾಫಿ ಹಣ್ಣು ಸುಲಿಯುವ ಪಲ್ಪರಿನ ಹಸಿ ಸಿಪ್ಪೆ ಬೇರೆ, ಅದನ್ನು ನೇರ ಎರೆಹುಳಕ್ಕೆ ಹಾಕಿದ್ರೆ ಬಿಸಿಗೆ, ಹುಳಿಗೆ ಹುಳ ಹೊರಗೆ ಓಡ್ತದೆ. ಮೊದಲು ಮೂರ್ನಾಲ್ಕು ವಾರ ಕೊಳೆಯಲು ಬಿಟ್ಟು, ಕೈ ಹಾಕಿದಾಗ ತಣ್ಣಗಿದ್ರೆ ಆಮೇಲೆ ಹುಳ. ಬಯೋ ಎಂಜೈಮಿಗೆ ಗಾಜಿನ ಬಾಟಲಿ ಅಂತ ಯಾಕೆ ಬರೆದೆ ಗಣೇಶ? ಮೊದಲ ತಿಂಗಳು ಅನಿಲ ಬರ್ತದೆ, ಬಿಗಿಯಾಗಿ ಮುಚ್ಚಿದ್ರೆ ಒಡೆದು ಚೂರು ಕಣ್ಣಿಗೆ. ಪ್ಲಾಸ್ಟಿಕ್ ಬಾಟಲಿ, ಕಾಲು ಭಾಗ ಖಾಲಿ, ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಮುಚ್ಚೋದು. ಬೆಲ್ಲ 100 ಗ್ರಾಂ, ಕಿತ್ತಳೆ ಸಿಪ್ಪೆ 300 ಗ್ರಾಂ, ನೀರು 1 ಲೀಟರ್, ಮೂರು ತಿಂಗಳು.

ಪೂವಮ್ಮ: ಅದು ಪಾತ್ರೆ, ಸಿಂಕ್ ತೊಳೀಲಿಕ್ಕೆ ಅಂತ ಮಾತ್ರ ಹಾಕಿ. ಹುಳಿ ನೀರು ಅದು. ಈಗಾಗಲೇ ಹುಳಿಯಾಗಿರುವ ಮಣ್ಣಿಗೆ ಅದನ್ನು ಯಾಕೆ ಸುರಿಯೋದು? ಮಾರ್ಬಲ್ ನೆಲದ ಹೊಳಪೂ ತೆಗೀತದೆ.

ಅಶ್ರಫ್: ಈಗ ಮುಖ್ಯ ವಿಷಯ. ಮೈಲುತುತ್ತ ಬೇಡ ಅಂದ್ರೆ ಕಾಳುಮೆಣಸಿನ ಬಳ್ಳಿಗೆ ಏನು ಮಾಡೋದು? ಶೀಘ್ರ ಸೊರಗು ರೋಗ ಬಂದ್ರೆ ಹದಿನೈದು ದಿನದಲ್ಲಿ ಎಲೆ ಉದುರಿ ಬಳ್ಳಿ ಒಣಗ್ತದೆ. ಕಾರಣ ಫೈಟಾಫ್ತೊರಾ ಅನ್ನುವ ರೋಗಾಣು, ನಿಂತ ನೀರು, ಎರಚುವ ಹನಿ. ಬೇವಿನೆಣ್ಣೆಗೆ ಅದು ಜಗ್ಗುವುದಿಲ್ಲ. ಮಳೆಗೆ ಮೊದಲು ಒಮ್ಮೆ ಶೇ. 1ರ ಬೋರ್ಡೋ, ಅಂದ್ರೆ ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ, ಹೊಡೆಯಬೇಕು, ಮಳೆ ನಡುವೆ ಬಿಡುವು ಸಿಕ್ಕಾಗ ಇನ್ನೊಮ್ಮೆ.

ಲತಾ: ತಾಮ್ರ ಅದು ಅಶ್ರಫ್. ಕೊಳೆಯುವುದಿಲ್ಲ, ಮಣ್ಣಲ್ಲೇ ಕೂರ್ತದೆ. ಎರೆಹುಳಕ್ಕೂ ಮೀನಿಗೂ ವಿಷ. ಇಲ್ಲಿಯ ಇಳಿಜಾರಿನಲ್ಲಿ ಹೊಡೆದದ್ದು ತೋಡಿಗೆ, ಅಲ್ಲಿಂದ ಕಾವೇರಿಗೆ. ವಿಷವಿಲ್ಲದ ಕೈತೋಟ ಅಂತ ತಲೆಬರಹ ಹಾಕಿ ಕೆಳಗೆ ಇದನ್ನು ಬರೆಯೋದು ನಾಚಿಕೆಗೇಡು.

ಅಶ್ರಫ್: ಸಾವಯವ ನಿಯಮದಲ್ಲೇ ಮಿತಿ ಹಾಕಿ ಬಿಟ್ಟಿದ್ದಾರೆ. ನಿಷೇಧ ಅಲ್ಲ.

ಲತಾ: ಮಿತಿ ಹಾಕಿದ್ದು ಯಾಕೆ ಅಂತ ಕೇಳಿಕೋ ಮತ್ತೆ. 100 ಲೀಟರ್ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, ಅದರಲ್ಲಿ 250 ಗ್ರಾಂ ತಾಮ್ರ. ಪ್ರತಿ ವರ್ಷ ಎರಡು ಸಲ, ಹತ್ತು ವರ್ಷ, ಒಂದೇ ಬುಡಕ್ಕೆ.

ಅಶ್ರಫ್: ಹಿತ್ತಲಲ್ಲಿ ನಾಲ್ಕು ಬಳ್ಳಿ ಇರುವವರಿಗೆ 10 ಲೀಟರ್ ಧಾರಾಳ, 25 ಗ್ರಾಂ ತಾಮ್ರ. ನಾವು ಬರೆಯದಿದ್ರೂ ಜನ ಹೊಡೆಯುತ್ತಾರೆ, ತಪ್ಪಾಗಿ ಹೊಡೆಯುತ್ತಾರೆ. 100 ಗ್ರಾಂ ಮೈಲುತುತ್ತ 5 ಲೀಟರ್ ನೀರಲ್ಲಿ, 100 ಗ್ರಾಂ ಸುಟ್ಟ ಸುಣ್ಣ ಇನ್ನೊಂದು 5 ಲೀಟರಲ್ಲಿ. ಪ್ಲಾಸ್ಟಿಕ್ ಬಕೆಟ್, ಕಬ್ಬಿಣ ಮುಟ್ಟಿಸಬಾರದು. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯೋದು, ಉಲ್ಟಾ ಮಾಡಿದ್ರೆ ಗಟ್ಟಿ ಕಟ್ಟಿ ನಾಜಲ್ ಬ್ಲಾಕ್. ಕೊನೆಗೆ ಉಜ್ಜಿದ ಕತ್ತಿಯ ಅಲಗು ಒಂದು ನಿಮಿಷ ಅದ್ದಿ ನೋಡಿ. ಕೆಂಪಗೆ ತಾಮ್ರ ಹತ್ತಿದ್ರೆ ಸುಣ್ಣ ಸಾಲದು, ಹಾಗೇ ಹೊಡೆದ್ರೆ ಎಲೆ ಸುಡ್ತದೆ. ಸುಣ್ಣದ ತಿಳಿ ಸೇರಿಸುತ್ತಾ ಹೋಗಿ. ಅವತ್ತೇ ಮುಗಿಸಿ, ಮಾರನೇ ದಿನಕ್ಕೆ ಎಲೆಗೆ ಅಂಟುವುದಿಲ್ಲ.

ಪೂವಮ್ಮ: ಬುಡಕ್ಕೆ ಟ್ರೈಕೋಡರ್ಮಾ ಹಾಕುವವರು ಇದ್ದಾರಲ್ಲ, ಅವರಿಗೂ ಹೇಳಬೇಕು. ಅದು ರೋಗಾಣುವನ್ನು ತಡೆಯುವ ಶಿಲೀಂಧ್ರ, ತಾಮ್ರ ಬಿದ್ರೆ ಸಾಯ್ತದೆ. ಎರಡರ ನಡುವೆ ಮೂರು ವಾರ ಅಂತರ. 1 ಕೆಜಿ ಟ್ರೈಕೋಡರ್ಮಾಕ್ಕೆ 100 ಕೆಜಿ ಕಳಿತ ಗೊಬ್ಬರ, ಬೇವಿನ ಹಿಂಡಿ ಸಿಕ್ಕಿದ್ರೆ ಅದರಲ್ಲೇ ಒಂದು ಪಾಲು. ನೀರು ಚಿಮುಕಿಸಿ ನೆರಳಲ್ಲಿ ಗೋಣಿ ಮುಚ್ಚಿ ಹದಿನೈದು ದಿನ ಇಡಿ, ನಡುವೆ ಒಮ್ಮೆ ಮಗುಚಿ. ಹಸಿರು ಬೂಷ್ಟು ಹಬ್ಬಿದ್ರೆ ತಯಾರು.

ಲತಾ: ಅದನ್ನು ಬರೆಯಿರಿ, ನನ್ನ ಒಪ್ಪಿಗೆ ಇದೆ. ಜೊತೆಗೆ ಬುಡದಲ್ಲಿ ನೀರು ನಿಲ್ಲದಂತೆ ಕಣಿ ತೆಗೆಯೋದು, ನೆಲಕ್ಕೆ ಹಬ್ಬಿದ ಹಂಬು ಕತ್ತರಿಸೋದು, ನೆರಳಿನ ಮರದ ಕೊಂಬೆ ಸವರೋದು. ಅರ್ಧ ರೋಗ ಅಲ್ಲೇ ನಿಲ್ತದೆ.

ಅಶ್ರಫ್: ಉಳಿದರ್ಧಕ್ಕೆ?

ಗಣೇಶ: ನೀವಿಬ್ಬರೂ ಸ್ವಲ್ಪ ತಡೀರಿ. ತಟ್ಟೆಯದ್ದು ಹೇಳಿ, ಇವತ್ತೇ ಆರ್ಡರ್ ಕೊಡಬೇಕು.

ಲತಾ: ಮಣ್ಣಲ್ಲಿ ಕರಗುವ ತಟ್ಟೆ ಅಂತ ಮಾರುವುದರಲ್ಲಿ ಎಷ್ಟೋ ಪಿಎಲ್‌ಎ, ಅಂದ್ರೆ ಜೋಳದಂಥ ಬೆಳೆಯಿಂದ ಮಾಡಿದ ಪ್ಲಾಸ್ಟಿಕ್. ಕಾರ್ಖಾನೆ ಮಟ್ಟದ ಕಾಂಪೋಸ್ಟಿನ 58 ಡಿಗ್ರಿ ಬಿಸಿ ಇಲ್ಲದೆ ಕರಗುವುದಿಲ್ಲ, ಮನೆಯ ಗುಂಡಿಯಲ್ಲಿ ವರ್ಷವಾದ್ರೂ ಹಾಗೇ. ಪೇಪರ್ ಕಪ್ಪಿನ ಒಳಗೂ ಪ್ಲಾಸ್ಟಿಕ್ ಪದರ. ಬಾಳೆಎಲೆ ಅಥವಾ ಅಡಿಕೆ ಹಾಳೆ ತಟ್ಟೆ ಸಾಕು. ಹಾಳೆಯದ್ದು ಈ ಥಂಡಿಗೆ ಬೂಷ್ಟು ಹಿಡೀತದೆ, ಕಪ್ಪು ಚುಕ್ಕೆ ಇದ್ರೆ ವಾಪಸ್ ಕೊಡಿ. ನೀರಿಗೆ ಸ್ಟೀಲ್ ಲೋಟ. ಬಟ್ಟೆ ಚೀಲ ಅಂತ ತರುವುದರ ಅಂಚನ್ನು ಬೆಂಕಿಗೆ ಹಿಡಿದು ನೋಡಿ, ಕರಗಿ ಉಂಡೆಯಾದ್ರೆ ಅದು ನಾನ್ ವೋವನ್, ಪ್ಲಾಸ್ಟಿಕ್ಕೇ.

ಗಣೇಶ: ಲೋಟ ತೊಳೆಯೋದು ಯಾರು?

ಯಶೋದಾ: ಮೂರು ಟಬ್ ಇಡಿ, ಅಂಟುವಾಳದ ನೀರು, ತಿಳಿ ನೀರು, ಕೊನೆಗೆ ಬಿಸಿ ನೀರು. 100 ಲೋಟ ಇದ್ರೆ ಇಬ್ಬರು ನಿಂತು ಇಡೀ ದಿನ ತಿರುಗಿಸಬಹುದು. ಹೆಸರು ಕೊಡಿ, ನಾನು ಸೇರಿ ಇನ್ನೊಬ್ಬರು ಬೇಕು.

ಪೂವಮ್ಮ: ನಾನಿದ್ದೇನೆ ಅಕ್ಕ.

ಗಣೇಶ: ತಿದ್ದಿದ ಪ್ರತಿ ಅರ್ಧ ಗಂಟೆಯಲ್ಲಿ ಹಾಕ್ತೇನೆ. ತಲೆಬರಹ «ಮಳೆನಾಡಿನ ಕೈತೋಟ». ಹಿಂಬದಿಯಲ್ಲಿ ಕಾಳುಮೆಣಸಿಗೆ ಒಂದು ಪ್ಯಾರಾ: ಕಣಿ, ಕೊಂಬೆ ಸವರುವುದು, ಟ್ರೈಕೋಡರ್ಮಾ. ಬೋರ್ಡೋ ಕೊನೆಗೆ, «ಹೊಡೆಯಲೇಬೇಕಾದ್ರೆ» ಅಂತ.

ಲತಾ: ಬೋರ್ಡೋ ಸಾಲು ಬಿಟ್ಟು ಒಪ್ಪಿಗೆ.

ಅಶ್ರಫ್: ಬೋರ್ಡೋ ಸಾಲು ಇದ್ರೆ ಒಪ್ಪಿಗೆ.

ತಿಮ್ಮಯ್ಯ: ಬೋರ್ಡೋವನ್ನು ಕರಪತ್ರದಿಂದ ತೆಗೆದು, ಮೆಣಸಿನ ಬಳ್ಳಿ ಇದೆ ಅಂತ ಕೇಳಿಕೊಂಡು ಬಂದವರಿಗೆ ಮಾತ್ರ ಮಳಿಗೆಯಲ್ಲಿ ಬಾಯಲ್ಲಿ ಹೇಳಿ, ಕತ್ತಿ ಅದ್ದಿ ತೋರಿಸಿ. ಉಳಿದ ದ್ರಾವಣ ಚರಂಡಿಗೆ ಚೆಲ್ಲಬಾರದು, ಅದು ಅಶ್ರಫನ ಜವಾಬ್ದಾರಿ.

ಅಶ್ರಫ್: ಅರ್ಧ ಲೀಟರೇ ಕಲಸ್ತೇನೆ ಅಣ್ಣ. ಲತಾ ಪಕ್ಕದಲ್ಲಿ ನಿಂತು ತಾಮ್ರದ ಲೆಕ್ಕ ಹೇಳಲಿ.

ಲತಾ: ಹೇಳ್ತೇನೆ. ಜೋರಾಗೇ ಹೇಳ್ತೇನೆ.